ಎಡರೆಕ್ಕೆಯ ಕಂದು ಚೂರು

ಹೆನ್ನಿಂಗನ ಫಜೀತಿಗೆಲ್ಲ ಕಾರಣ ಉಗುರಗಲದ ಒಂದು ಕಂದು ಚೂರು. ಅದು ಇದ್ದದ್ದು ಅವನ ವಿಗ್ಗೆನ್ ಯುದ್ಧವಿಮಾನದ ಎಡರೆಕ್ಕೆಯ ಮೇಲೆ. ವಿಮಾನವೆಂದರೆ ಹಾರುವಂಥದ್ದೇನಲ್ಲ, ಪ್ಲಾಸ್ಟಿಕ್ಕಿನದು, ಗೇಣುದ್ದದ್ದು. ಕಾಡಿನಲ್ಲಿ ಅಡಗಿರಲೆಂದು ನಮ್ಮ ವಾಯುಪಡೆಯವರು ವಿಗ್ಗೆನ್ನಿಗೆ ಎರಡು ಬಗೆಯ ಹಸಿರು, ಕಂದು, ಕಪ್ಪು ಬಣ್ಣಗಳನ್ನು ಒಡೆದ ಗಾಜಿನ ಚೂರುಗಳಂತೆ ಬಳಿಸುತ್ತಿದ್ದರು. ಒಂದೊಂದು ಚೂರಿಗೂ ಸುತ್ತ ಟೇಪು ಅಂಟಿಸಿ, ಸ್ಪ್ರೇ ಮಾಡಿ, ಟೇಪು ಕೀಳುತ್ತ ಹೆನ್ನಿಂಗ್ ಇಡೀ ಚಳಿಗಾಲ ಕಳೆದಿದ್ದ.

ಲಿನ್‌ಶೋಪಿಂಗಿನ ಮಾದರಿ ವಿಮಾನ ಸಂಘದಲ್ಲಿ ಅವನು ಹನ್ನೊಂದು ವರ್ಷದಿಂದ ಸದಸ್ಯ. ಇಲ್ಲಿಯವರೆಗೆ ಸಮಾಧಾನಕರ ಬಹುಮಾನವೂ ದಕ್ಕಿರಲಿಲ್ಲ ಪಾಪ. ಈ ಸಲ ಮೊದಲ ಬಹುಮಾನವನ್ನೇ ತರುತ್ತೇನೆಂದು ಹೆಂಡತಿ ಬಾರ್ಬ್ರೋಗೆ ಕೊಚ್ಚಿಕೊಂಡು ಬಂದಿದ್ದ.

ಪ್ರದರ್ಶನದ ದಿನ ಬೆಳಿಗ್ಗೆ ಹತ್ತಕ್ಕೇ ಸಂಘದ ಇನ್ನೊಬ್ಬ ಸದಸ್ಯ ಸಿಕ್ಸ್‌ಟೆನ್ ಭೂತಗನ್ನಡಿ ಹಿಡಿದು ಬಂದ. ಇನ್ನೊಬ್ಬರ ವಿಮಾನದಲ್ಲಿ ಒಂದಾದರೂ ತಪ್ಪು ಸಿಗದಿದ್ದರೆ ಅವನಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ.

"ಅಲ್ಲಯ್ಯಾ, ಇಲ್ಲಿ ಕಂದು ಯಾಕೆ ಬಂತು? ಕಡುಹಸಿರು ಇರ್ಬೇಕಲ್ವಾ?"

ಹೆನ್ನಿಂಗ್ ವಿಗ್ಗೆನ್ನಿನ ಬಣ್ಣದ ನಕ್ಷೆಗಳಿದ್ದ ಪುಸ್ತಕ ತೆರೆದು ನೋಡಿದ. ಹೌದು, ಅಲ್ಲಿ ಕಡುಹಸಿರೇ ಇತ್ತು. ಬಳಿಯುವಾಗ ಟೇಪು ಜಾರಿತ್ತು.

"ಮೂರು ಗಂಟೆಗೆ ತೀರ್ಪು. ಅರ್ವಿಡ್ ಅಜ್ಜ ಬರ್ತಿದಾರೆ. ವಾಯುಪಡೆಯ ಬಣ್ಣದ ಶೆಡ್ಡಲ್ಲೇ ಮೂವತ್ತು ವರ್ಷ ಸವೆಸಿದೋರು. ಅವರ ಕಣ್ಣಿಗೆ ಮಣ್ಣೆರಚಕ್ಕಾಗುತ್ತಾ?" ಎಂದ ಸಿಕ್ಸ್‌ಟೆನ್.

ಅಷ್ಟರಲ್ಲಿ ನಾಲ್ಕು ಜನ ಸೇರಿದರು, ಐದು ಸಲಹೆ ಬಂದವು. ಒಬ್ಬ ಟೇಪು ಕೊಟ್ಟ, ಇನ್ನೊಬ್ಬ ಹೆಂಡತಿಯ ಹೇರ್ ಡ್ರೈಯರ್ ತಂದ. ಹೆನ್ನಿಂಗ್ ಸಭಾಂಗಣದ ಅಡುಗೆಮನೆಗೆ ಓಡಿ ಹಸಿರು ಸ್ಪ್ರೇ ಮಾಡಿದ. ಟೇಪು ಕಿತ್ತರೆ ಪಕ್ಕದ ಕಪ್ಪೂ ಎದ್ದುಬಂತು. ಕಪ್ಪು ಬಳಿದ, ಹೆಬ್ಬೆರಳಿನ ಗುರುತು ಬಿತ್ತು. ಅದನ್ನು ಉಜ್ಜಹೋದರೆ ರೆಕ್ಕೆಯಡಿಯ ಕ್ಷಿಪಣಿ ಕಳಚಿ ಏಲಕ್ಕಿ ಬನ್ನುಗಳ ತಟ್ಟೆಗೆ ಬಿತ್ತು.

"ಏನಪ್ಪಾ ಇದು, ನನ್ನ ಬನ್ನಿಗೆಲ್ಲ ಬಣ್ಣದ ವಾಸನೆ!" ಎಂದು ಕಾಫಿ ಕಾಯಿಸುತ್ತಿದ್ದ ಗುನ್‌ಬ್ರಿಟ್ ಕೂಗಿದಳು. "ತಿಂದೋರು ಹಾರ್ಕೊಂಡು ಹೋಗ್ತಾರೆ ಅಷ್ಟೆ!"

ಅಂತೂ ಮೂರಕ್ಕೆ ಎರಡು ನಿಮಿಷ ಇರುವಾಗ ವಿಗ್ಗೆನ್ ಪುಸ್ತಕದಲ್ಲಿದ್ದಂತೆಯೇ ಆಗಿ ಮೇಜಿನ ಮೇಲೆ ಕೂತಿತು.

ಅರ್ವಿಡ್ ಅಜ್ಜ ಅದರ ಮುಂದೆ ನಿಂತರು. ಬಾಲದ ಮೇಲಿನ ಅಂಕಿ ಓದಿದರು.

"ಹದಿನಾಲ್ಕು! ಈ ನಂಬರಿನ ನಿಜವಾದ ವಿಮಾನಕ್ಕೆ ಬಣ್ಣ ಬಳಿದವನು ನಾನೇ ಕಣಪ್ಪಾ. ಎಡರೆಕ್ಕೆ ಮೇಲೆ ಇಲ್ಲೊಂದು ಕಂದು ಚೂರಿತ್ತು. ಪುಸ್ತಕದಲ್ಲಿಲ್ಲ, ಇದೊಂದೇ ವಿಮಾನದ ಮೇಲಿದ್ದದ್ದು. ಯಾರಾದ್ರೂ ಅದನ್ನ ಬಳೀತಾರಾ ಅಂತ ಇಪ್ಪತ್ತು ವರ್ಷದಿಂದ ಕಾಯ್ತಿದೀನಿ. ನೀನೂ ಪುಸ್ತಕದವನೇ ಆದೆ."

ಹೆನ್ನಿಂಗನಿಗೆ ಅಳು ಬರುವುದೊಂದು ಬಾಕಿ. "ಬೆಳಿಗ್ಗೆ ಕಂದೇ ಇತ್ತು ಅಜ್ಜಾ! ಸಿಕ್ಸ್‌ಟೆನ್, ಹೇಳೋ!"

"ಇತ್ತು. ಹಸಿರು ಮಾಡ್ಸಿದ್ದು ನಾನೇ," ಎಂದ ಸಿಕ್ಸ್‌ಟೆನ್, ನೆಲ ನೋಡುತ್ತ.

ಅಜ್ಜನ ಮುಖ ಅರಳಿತು. "ಹೌದಾ! ನಿನ್ನ ವಿಮಾನದ ಮೇಲೆ ಆ ಕಂದು ಹೇಗಪ್ಪಾ ಬಂತು?"

ಹೆನ್ನಿಂಗನ ಕಣ್ಣಿಗೆ ಮೊದಲ ಬಹುಮಾನ ಕಂಡಿತು. ನಾಲಿಗೆ ತಾನಾಗಿ ಓಡಿತು. "ಎರಡು ವರ್ಷ ಹಳೇ ಫೋಟೋ ಹುಡುಕಿ ಪತ್ತೆ ಹಚ್ಚಿದೆ ಅಜ್ಜಾ. ಬೇಕಂತಲೇ ಬಳಿದದ್ದು."

"ಗೊತ್ತಿದ್ದೂ, ಯಾರೋ ಏನೋ ಅಂದ್ರು ಅಂತ ಅಳಿಸಿಬಿಟ್ಯಾ?" ಅಜ್ಜ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ನಿಧಾನವಾಗಿ ಗೆರೆ ಎಳೆದರು. "ಟೇಪು ಜಾರಿತು ಅಂದಿದ್ರೆ ಮೊದಲ ಬಹುಮಾನ ನಿಂಗೇ ಕೊಡ್ತಿದ್ದೆ. ಆವತ್ತು ನನ್ನ ಟೇಪೂ ಜಾರಿದ್ದೇ."