ನೆಡದ ಮಾವಿಗೆ ಮೂವತ್ತಡಿ ಜಾಗ

"ನೋಡ್ತಿರು, ನಮ್ಮ ತೋಟಾ ನೋಡಾಕ ಸವಣೂರಿಂದ ಮಂದಿ ಚಕ್ಕಡಿ ಕಟ್ಟಿಕೊಂಡ ಬರ್ತಾರ!"

ಹೊಲ ಅಳೆಯುವ ಮೋಜಣಿದಾರ ಬಸವಣ್ಣೆಪ್ಪನವರು ಹೀಗೆ ಘೋಷಿಸಿದಾಗ ಅವರ ಬಲಗೈಯಲ್ಲಿ ರೊಟ್ಟಿಯ ತುತ್ತಿತ್ತು, ಎಡಗೈಯಲ್ಲಿ ಪೆನ್ಸಿಲ್ ಇತ್ತು. ತೋಟವಂತೂ ಇರಲಿಲ್ಲ. ತೋಟ ಇರಬೇಕಾದ ಮನೆಯೂ ಇರಲಿಲ್ಲ! ಇದ್ದದ್ದು ಶಿಗ್ಗಾಂವಿಯ ಊರಂಚಿನಲ್ಲಿ ನಲವತ್ತಡಿ ಅಗಲ, ಅರವತ್ತಡಿ ಉದ್ದದ ಒಂದು ಬಯಲು ಜಾಗ. ಅದೂ ಹೆಂಡತಿ ಸರೋಜವ್ವನಿಗೆ ಅವಳಪ್ಪ ಕೊಟ್ಟದ್ದು. ಸಾವಿರದ ಒಂಬೈನೂರಾ ಮೂವತ್ತೆಂಟರ ದಸರೆ ಕಳೆದ ಮೇಲೆ ಅಲ್ಲಿ ಬುನಾದಿ ಪೂಜೆ ಎಂದು ಗೊತ್ತಾಗಿತ್ತು.

ಸರೋಜವ್ವನಿಗೆ ತೋಟದ ಹಂಬಲ ಇರಲಿಲ್ಲ. ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ ಎಂದು ಗಂಡನ ಬದಲಿಯ ಹಿಂದೆ ಹನ್ನೊಂದು ವರ್ಷ ಅಲೆದು, ಏಳು ಬಾಡಿಗೆ ಮನೆಗಳಲ್ಲಿ ಒಲೆ ಹೂಡಿದವಳು ಅವಳು. ಏಳರಲ್ಲಿ ಒಂದು ಅಡಿಗೆಮನೆಗೂ ಕಿಟಕಿ ಇರಲಿಲ್ಲ. ಹೊಗೆಯಲ್ಲಿ ರೊಟ್ಟಿ ಬಡಿದು ಬಡಿದು ಅವಳ ಕಣ್ಣುಗಳು ವರ್ಷವಿಡೀ ಕೆಂಪಗಿರುತ್ತಿದ್ದವು. ಹೊಸ ಓಣಿಗೆ ಹೋದಾಗಲೆಲ್ಲ ನೆರೆಮನೆಯವರು ಗುಟ್ಟಾಗಿ, "ಯಾಕವ್ವಾ, ಗಂಡ ಬಡೀತಾನೇನು?" ಎಂದು ಕೇಳುವುದು ವಾಡಿಕೆಯೇ ಆಗಿತ್ತು!

"ನನಗ ಇಷ್ಟ ಸಾಕ್ರಿ," ಎಂದಿದ್ದಳು ಅವಳು. "ಕಾಲ ಚಾಚಿ ಕುಂತ ರೊಟ್ಟಿ ಬಡಿಯೋವಷ್ಟ ಅಡಿಗಿಮನಿ. ಅದಕ್ಕ ಮೂಡಲಕ್ಕ ಒಂದ ಕಿಡಕಿ."

"ಒಂದ್ಯಾಕ? ಎರಡ ಇಡಸ್ತೇನಿ!" ಎಂದಿದ್ದರು ಬಸವಣ್ಣೆಪ್ಪನವರು. ಹಾಗೆಂದವರೇ ನಕಾಶೆ ಬರೆಯಲು ಕುಳಿತರು. ಕೆಟ್ಟದ್ದು ಅಲ್ಲಿಯೇ.

ಊರವರ ಹೊಲದ ಬದು ಒಂದು ಅಂಗುಲ ಆಚೀಚೆ ಆದರೂ ಕಣ್ಣಲ್ಲೇ ಹಿಡಿಯುವ ಘನ ಮೋಜಣಿದಾರರು ಅವರು. ನಕಾಶೆಯಲ್ಲಿ ಗಿಡಗಳನ್ನು ಶಾಯಿಯಿಂದ ಬರೆದರು, ಮನೆಯನ್ನು ಪೆನ್ಸಿಲಿನಿಂದ ಬರೆದರು. ಹಾನಗಲ್ಲಿನ ಮಾವಿನ ಸಸಿಗೆಂದು ಕೈವಾರ ಹಿಡಿದು ಒಂದು ದೊಡ್ಡ ದುಂಡು ಎಳೆದರು.

"ಇಷ್ಟ ದೊಡ್ಡದ್ಯಾಕ್ರಿ?"

"ಏ ಹುಚ್ಚಿ, ಇವತ್ತಿನ ಗಿಡಾ ಲೆಕ್ಕಕ್ಕಿಲ್ಲ. ಇಪ್ಪತ್ತ ವರ್ಷಕ್ಕ ಎಷ್ಟ ಹಬ್ಬತೈತಿ? ಮೂವತ್ತ ಅಡಿ! ಆ ಜಾಗಾ ಈಗ ಹಿಡೀಬೇಕು. ಮೋಜಣಿ ಅಂದ್ರ ಹುಡುಗಾಟಲ್ಲ!"

ಅಂದಿನಿಂದ ಬಸವಣ್ಣೆಪ್ಪನವರಿಗೆ ಕುಂತಲ್ಲಿ ಕೂಡ್ರಲಾಗದ, ನಿಂತಲ್ಲಿ ನಿಲ್ಲಲಾಗದ ಕಾಯಿಲೆ ಹತ್ತಿತು. ದುಂಡಸಿಯ ಹೊಲದಲ್ಲಿ ಅಳತೆಯ ಸರಪಳಿ ಎಳೆಯುತ್ತಿದ್ದಾಗ ನಿಂಬೆ ನೆನಪಾಯಿತು. ಹಿರೇಬೆಂಡಿಗೇರಿಯ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ನುಗ್ಗೆ ನೆನಪಾಗಿ, ಬುತ್ತಿ ಕಟ್ಟಿ ಎದ್ದುಬಿಟ್ಟರು. ಮನೆಗೆ ಬಂದವರು ಕಾಲಿನ ಚಪ್ಪಲಿ ತೆಗೆಯುವ ಮೊದಲೇ ನಕಾಶೆ ಬಿಚ್ಚುತ್ತಿದ್ದರು. ನುಗ್ಗೆಗೆ ಜಾಗ ಬೇಕೆಂದು ಪಡಸಾಲೆಯ ಒಂದು ಮೂಲೆಯನ್ನು ರಬ್ಬರಿನಿಂದ ಒರೆಸಿದರು. ಸಂಪಿಗೆಗೆ ಮಲಗುವ ಕೋಣೆ ಮೂರಡಿ ಹಿಂದೆ ಸರಿಯಿತು. ಮಲ್ಲಿಗೆಯ ಚಪ್ಪರ ಬಂದ ದಿನ ಕಾಳಿನ ಕೋಣೆ ಲೋಕವನ್ನೇ ತ್ಯಜಿಸಿತು!

ಸವಣೂರಿಗೆ ಹೋಗಿಬಂದ ದಿನವಂತೂ ಅವರ ಮೈಮೇಲೆ ದೇವರು ಬಂದ ಹಾಗಿತ್ತು. ಹತ್ತು ಜನ ಕೈ ಕೈ ಹಿಡಿದರೂ ಬುಡ ತಬ್ಬಲಾಗದ ಅಲ್ಲಿಯ ದೊಡ್ಡ ಹುಣಸೆ ಮರಗಳನ್ನು ನೋಡಿ ಬಂದಿದ್ದರು.

"ಅಂಥಾದ್ದೊಂದ ನಮ್ಮ ಹಿತ್ತಲದಾಗ ಹಚ್ಚಬೇಕು!"

"ಹಚ್ಚ್ರಿ, ಹಚ್ಚ್ರಿ," ಎಂದಳು ಸರೋಜವ್ವ. "ಮನಿ ಕಟ್ಟೋದ ಬ್ಯಾಡ. ಅದರ ಪೊಟರ್ಯಾಗ ಒಲಿ ಹೂಡ್ತೇನಿ."

ಬಸವಣ್ಣೆಪ್ಪನವರು ನಗಲಿಲ್ಲ. ಒಂದು ಗಳಿಗೆ ಯೋಚಿಸಿದರು! ಆಮೇಲೆ ಹೆಂಡತಿಯ ಮುಖ ನೋಡಿ, ದೊಡ್ಡ ಹುಣಸೆಯಿಂದ ಇಳಿದು ಸವಣೂರಿನ ವೀಳ್ಯದ ಎಲೆಬಳ್ಳಿಗೆ ಒಪ್ಪಿಕೊಂಡರು.

ಸರೋಜವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ದಿನಾ ಸಂಜೆ ನಕಾಶೆಯ ಹತ್ತಿರ ಬಂದು, "ನನ್ನ ಅಡಿಗಿಮನಿ ಐತಲ್ರಿ?" ಎಂದು ಕೇಳುತ್ತಿದ್ದಳು. "ಐತಿ, ಐತಿ!" ಎಂದು ಅವರು ಬೆರಳಿಟ್ಟು ತೋರಿಸುತ್ತಿದ್ದರು. ಬರಬರುತ್ತ ಆ ಬೆರಳಿನ ಕೆಳಗೆ ಅಡಿಗೆಮನೆ ಪೂರ್ತಿ ಮುಚ್ಚಿಹೋಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಮುಂಜಾನೆ ಅವರು ಬಯಲು ಜಾಗದ ಮಗ್ಗುಲಲ್ಲೇ ಇದ್ದ ಕರಬಸಪ್ಪನ ಮನೆಗೆ ಹೋಗಿ ಎಚ್ಚರಿಕೆ ಕೊಟ್ಟೇಬಿಟ್ಟರು.

"ಕರಬಸಪ್ಪಾ, ನಿಮ್ಮ ಹುಡುಗರು ನಮ್ಮ ಮಾವಿನಕಾಯಿಗೆ ಕಲ್ಲ ಒಗದ್ರ ನಾ ಸುಮ್ನ ಇರಾಂವಲ್ಲ."

ಕರಬಸಪ್ಪ ಬಯಲನ್ನು ನೋಡಿದ. "ಯಾವ ಗಿಡಾರಿ?"

"ಇನ್ನ ಹಚ್ಚೂದೈತಿ."

"ಹಂಗಾರ ಅವಸರಿಲ್ಲ ತಗೋರಿ. ನನ್ನ ಮಗಂದು ಇನ್ನ ಮದಿವ್ಯಾಗಿಲ್ಲ. ಕಲ್ಲ ಒಗಿಯೋ ಮೊಮ್ಮಕ್ಕಳು ಹುಟ್ಟಿದ ಕೂಡ್ಲೆ ನಿಮಗ ಹೇಳಿ ಕಳಸ್ತೇನಿ!"

ಅಂತೂ ಪೂಜೆಯ ದಿನ ಬಂತು. ಹತ್ತೂವರೆಯೊಳಗೆ ಗುದ್ದಲಿ ಬೀಳಬೇಕು, ತಪ್ಪಿದರೆ ಮುಂದೆ ನಾಲ್ಕು ತಿಂಗಳು ಒಳ್ಳೆಯ ಗಳಿಗೆ ಇಲ್ಲ ಎಂದು ಪೂಜೆ ಮಾಡಿಸುವ ಅಯ್ಯನವರು ಹೇಳಿದ್ದರು. ಮನೆ ಕಟ್ಟುವ ಗೌಂಡಿ ಜಮಾಲಸಾಬ ಸುಣ್ಣದ ಪುಡಿಯ ಬುಟ್ಟಿ ಹಿಡಿದು ಬೆಳಿಗ್ಗೆಯೇ ಬಂದ. ನಕಾಶೆಯನ್ನು ಉದ್ದ ಹಿಡಿದು ನೋಡಿದ, ಅಡ್ಡ ಹಿಡಿದು ನೋಡಿದ, ತಾನೇ ಅದರ ಸುತ್ತ ತಿರುಗಿಯೂ ನೋಡಿದ.

"ಸಾಹೇಬ್ರ, ಗಿಡಾ ಎಲ್ಲಾ ತಿಳದ್ವರಿ. ಈ ಮೂಲ್ಯಾಗ ಪೆನ್ಸಿಲಿಲೆ ಬರದೀರಲ್ಲ, ಇದು ಆಕಳ ಕರಾ ಕಟ್ಟೋ ಜಾಗೇನ್ರಿ?"

"ಮನೀಪಾ ಅದು!"

"ಯಾರದ್ರಿ?"

ಬಸವಣ್ಣೆಪ್ಪನವರು ಕಣ್ಣು ಕೆಕ್ಕರಿಸಿದರು. ಜಮಾಲಸಾಬ ಬರೆದದ್ದು ಬರೆದ ಹಾಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಅಷ್ಟರಲ್ಲಿ ಹೊಸ ಸೀರೆಯುಟ್ಟು ಪೂಜೆಯ ತಟ್ಟೆ ಹಿಡಿದು ಸರೋಜವ್ವ ಬಂದಳು.

"ಜಮಾಲಸಾಬ, ನನ್ನ ಅಡಿಗಿಮನಿ ಯಾವುದಪಾ?"

ಜಮಾಲಸಾಬ ತಲೆ ಎತ್ತದೆ ಬೆರಳು ತೋರಿಸಿದ. ಸರೋಜವ್ವ ತಟ್ಟೆ ಕೆಳಗಿಟ್ಟಳು, ಸೆರಗು ಸಿಕ್ಕಿಸಿದಳು, ಗೆರೆಯೊಳಗೆ ಹೋಗಿ ಕುಳಿತಳು. ಎದುರಿಗೆ ಒಲೆ ಇದೆ ಎಂದುಕೊಂಡಳು, ಮುಂದೆ ಹಿಟ್ಟಿದೆ ಎಂದುಕೊಂಡಳು, ಕೈಯೆತ್ತಿ ರೊಟ್ಟಿ ಬಡಿಯತೊಡಗಿದಳು.

"ನನ್ನ ಮೊಣಕೈ ಎಲ್ಲಿ ಹೋತು?"

"ಪಡಸಾಲಿಗೆ ಹೋತ್ರಿ ಅಕ್ಕಾರ."

"ಬೆನ್ನು?"

"ಬಚ್ಚಲದಾಗ ಐತ್ರಿ."

ಸರೋಜವ್ವ ಕಾಲು ಚಾಚಿದಳು. ಪಾದಗಳೆರಡೂ ಗೆರೆ ದಾಟಿ ಎಲೆಬಳ್ಳಿಯ ತೋಟಕ್ಕೆ ಹೋಗಿ ನಿಂತವು.

"ಕಿಡಕಿ?"

ಜಮಾಲಸಾಬ ಸಾಹೇಬರನ್ನು ನೋಡಿದ. ಸಾಹೇಬರು ಆಕಾಶ ನೋಡಿದರು. "ಕಿಡಕಿ ಅಂದ್ರ... ಅಲ್ಲಿ ನಿಂಬಿ ಕಂಟಿ ಬರ್ತೈತಿ. ಮುಳ್ಳ ಒಳಗ ಬರಬಾರ್ದಂತ... ಬಾಗಲಾ ತಗದ್ರ ಗಾಳಿ ಭರಪೂರ..."

ಹನ್ನೊಂದು ವರ್ಷ ಹೊಗೆಗೆ ಅತ್ತವಳು ಅಂದು ಹೊಗೆ ಇಲ್ಲದೆಯೇ ಅತ್ತಳು. ತಾವು ಮಾಡಿದ್ದು ಎಂಥ ಕೆಲಸ ಎಂಬುದು ಆಗ ಬಸವಣ್ಣೆಪ್ಪನವರಿಗೆ ತಿಳಿಯಿತು. ಆದರೆ ತಿಳಿಯುವುದಕ್ಕೂ ಗಿಡ ಬಿಡುವುದಕ್ಕೂ ಬಹಳ ಅಂತರವಿತ್ತು.

ಸರೋಜವ್ವ ಕಣ್ಣು ಒರೆಸಿಕೊಂಡವಳೇ ಸುಣ್ಣದ ಬುಟ್ಟಿ ಕಸಿದುಕೊಂಡಳು. ತಾನೇ ಗೆರೆ ಎಳೆಯುತ್ತ ಹೊರಟಳು! ಅಡಿಗೆಮನೆ ಹಿಗ್ಗಿತು, ನುಗ್ಗೆ ಹೋಯಿತು. ಮೂಡಲಕ್ಕೆ ಕಿಟಕಿ ಬಂತು, ನಿಂಬೆ ಹೋಯಿತು. ಕಾಳಿನ ಕೋಣೆ ಮರುಹುಟ್ಟು ಪಡೆಯಿತು, ಮಲ್ಲಿಗೆ ಹೋಯಿತು. ಬಸವಣ್ಣೆಪ್ಪನವರು ಬೆನ್ನ ಹಿಂದೆ ಓಡಿದರು.

"ಏ ಏ, ಸಂಪಿಗಿ ತುಳದಿ! ಅಲ್ಲಿ ನಿಂಬಿ ಐತಿ! ಅಯ್ಯ, ಮಾವಿನ ಬುಡಕ್ಕ ಹೊಂಟ್ಯಲ್ಲ, ಬಗ್ಗು, ಬಗ್ಗು! ಟೊಂಗಿ ತಲೀಗೆ ಬಡೀತೈತಿ!"

ಅವಸರದಲ್ಲಿ ತಾವೇ ಬಗ್ಗಿ ಟೊಂಗೆಯ ಕೆಳಗೆ ನುಸುಳಿದರು. ತನ್ನ ಹಿತ್ತಲ ಗೋಡೆಯಾಚೆ ನಿಂತು ನೋಡುತ್ತಿದ್ದ ಕರಬಸಪ್ಪ ನಕ್ಕು ನಕ್ಕು ಕುಸಿದು ಕುಳಿತ. ಅಯ್ಯನವರು ಮಾತ್ರ ನಗಲಿಲ್ಲ.

"ಗಳಿಗಿ ದಾಟಾಕತ್ತೈತಿ. ಯಜಮಾನ್ರು ಗುದ್ದಲಿ ಹಾಕ್ರಿ. ಎಲ್ಲಿ ಹಾಕ್ತೀರಿ?"

"ಇಲ್ಲೇ," ಎಂದಳು ಸರೋಜವ್ವ, ಕಾಲಿನಿಂದ ನೆಲ ತೋರಿಸಿ. "ಅಡಿಗಿಮನಿ ಮೂಡಲ ಗ್ವಾಡಿ."

ಅದು ಮಾವಿನ ಬುಡ! ಬಸವಣ್ಣೆಪ್ಪನವರು ಹೆಂಡತಿಯ ಕೆಂಪು ಕಣ್ಣು ನೋಡಿದರು. ಗುದ್ದಲಿ ಎತ್ತಿದರು. ಹಾಕಿದರು ಒಂದೇಟು.

ಜಮಾಲಸಾಬನಿಗೆ ಪಾಪ ಎನಿಸಿತು. ಹತ್ತಿರ ಬಂದು, "ಹೋಗ್ಲಿ ಬಿಡ್ರಿ ಸಾಹೇಬ್ರ," ಎಂದ. "ಗಿಡಕ್ಕ ವಯಸ್ಸಾಗಿತ್ತು. ಒಳಗ ಗೆದ್ದಲ ಹತ್ತಿತ್ತು."

"ಕಟ್ಟಿಗಿ ಬಿಡಬ್ಯಾಡ್ರಿ ಮತ್ತ," ಎಂದಳು ಸರೋಜವ್ವ. "ನನ್ನ ಒಲೀಗೆ ಆಗ್ತಾವು."

ಬಸವಣ್ಣೆಪ್ಪನವರು ಬೆವರು ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಹಸೀ ಕಟ್ಟಿಗಿ. ಭಾಳ ಹೊಗಿ ಆಗ್ತೈತಿ."

"ಆಗ್ಲಿ ತಗೋರಿ. ಹೊರಗ ಹೋಗಾಕ ಈಗ ಕಿಡಕಿ ಐತಿ!"