ಸೀನೀರು ತುಂಬಿದ ದೋಣಿ

ಅಂಗಳದಲ್ಲಿ ದೋಣಿ ಇರುವ ಮನೆಯಲ್ಲಿ ಗುಟ್ಟು ಎಂಬುದು ನಿಲ್ಲುವುದಿಲ್ಲ. ಹಾದಿಯಲ್ಲಿ ಹೋಗುವವರೆಲ್ಲ ಒಳಗೆ ಬರುತ್ತಾರೆ, ಬಂದವರು ಕೂಡುತ್ತಾರೆ, ಕೂತವರು ದೋಣಿಯಿಂದ ಮಾತು ಶುರುಮಾಡಿ ನನ್ನ ಮದುವೆಗೆ ಬಂದು ನಿಲ್ಲುತ್ತಾರೆ. ನಾಲ್ಕು ಜನರೆದುರು ಗಟ್ಟಿಯಾಗಿ ಸೀನಲೂ ಸಂಕೋಚಪಡುವ ನನ್ನಂಥವಳಿಗೆ ಇದೇನು ಸಣ್ಣ ತೊಂದರೆಯಲ್ಲ. ಆದರೂ ಆ ದೋಣಿಯ ಮೇಲೆ ನನಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಅದರೆದುರು ನಿಂತರೆ ಮನಸ್ಸು ತಾನಾಗಿಯೇ ಸುಮ್ಮನಾಗುತ್ತಿತ್ತು.

ಮಾಡಿದವರು ನನ್ನ ಕಾಕಾ. ನಿಜಾಮರ ಕಾಲದಲ್ಲಿ ಜಂಗಲ್ ಇಲಾಖೆಯಲ್ಲಿದ್ದು, ಗೋದಾವರಿ ದಂಡೆಯ ಕಾಡುಗಳಲ್ಲಿ ಅರ್ಧ ಆಯುಷ್ಯ ತಿರುಗಿ, ಪಿಂಚಣಿಯಾದ ಮೇಲೆ ಲಿಂಗಸುಗೂರಿಗೆ ಅಜ್ಜಿಯ ಬಳಿ ಬಂದಿದ್ದರು. ಹೈದರಾಬಾದಿನಲ್ಲಿ ಓದು ಮುಗಿಸಿದ ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಸೇರಿ ಅದೇ ಮನೆಯಲ್ಲಿದ್ದೆ. ಗುರುಗುಂಟಾದ ತೋಟವೊಂದರಲ್ಲಿ ಹಳೆಯ ಮಾವಿನ ಮರ ಗಾಳಿಗೆ ಬಿದ್ದದ್ದೇ ಕಾಕಾಗೆ ನೆಪವಾಯಿತು. ಅದರ ಬೊಡ್ಡೆ ಚಕ್ಕಡಿ ಏರಿ ನಮ್ಮ ಅಂಗಳದಲ್ಲಿ ಬಂದು ಬಿತ್ತು. ಕಾಡಿನ ಜನ ಒಂದೇ ಮರವನ್ನು ಕೊರೆದು ದೋಣಿ ಮಾಡಿಕೊಂಡು, ಹಾದಿಯೇ ಇಲ್ಲದ ಕಡೆ ನೀರಿನ ಮೇಲೆ ದಿನಗಟ್ಟಲೆ ಹೋಗುವುದನ್ನು ಅವರು ಕಂಡಿದ್ದರು. ಬಾಚಿ ಉಳಿ ಹಿಡಿದು ಮಳೆಗಾಲ ಪೂರ್ತಿ ಕೊರೆದರು. ಶಾಲೆಯಿಂದ ಬಂದಾಗಲೆಲ್ಲ ನೋಡುತ್ತಿದ್ದೆ: ಹೊಟ್ಟೆ ತೆಳ್ಳಗಾಗುತ್ತ, ಎರಡೂ ತುದಿ ಮೆಲ್ಲಗೆ ಮೇಲೇಳುತ್ತ, ಮರದ ಗೆರೆಗಳು ಉದ್ದಕ್ಕೂ ಹರಿಯುತ್ತ, ಇನ್ನೂ ನೀರು ಕಾಣದ ಕಟ್ಟಿಗೆಯೊಳಗೆ ಆಗಲೇ ಒಂದು ಹೊಳೆ ಇಳಿದಂತಿತ್ತು. ಯಾರೂ ಇಲ್ಲದಾಗ ಅದರ ಬೆನ್ನ ಮೇಲೆ ಕೈಯಾಡಿಸಿ ಒಳಗೆ ಹೋಗುತ್ತಿದ್ದೆ.

ಪಕ್ಕದ ಮನೆಯ ಸಂಗವ್ವ ಮಾತ್ರ ಕಾಕಾನನ್ನು ಬಿಡಲಿಲ್ಲ. “ಏನ್ರೀ ಯಜಮಾನ್ರ, ಹೊಸಾ ಡ್ಯಾಮಿನ ಕಾಲುವಿ ಬರೂದು ಸಿಂಧನೂರಿಗೆ ಅಂತಾರ. ನೀವು ನೋಡಿದ್ರ ಲಿಂಗಸೂರಾಗ ದೋಣಿ ಮಾಡಾಕತ್ತೀರಿ!”

“ನೀರು ಬರೂತನಕ ಕಾಯಾಕ ನಾ ಏನು ಸರ್ಕಾರ ಏನಬೇ? ನಾನ ನೀರಿನ ಕಡಿ ಹೊಂಟೀನಿ,” ಎಂದರು ಕಾಕಾ.

ಹೊರಟಿದ್ದು ಕೃಷ್ಣೆಗೆ. ಸಂಕ್ರಾಂತಿಯ ಹೊತ್ತಿಗೆ ಹೊಳೆ ಶಾಂತವಾಗಿರುತ್ತದೆ. ಜಲದುರ್ಗದ ಬಂಡೆಗಳ ನಡುವೆ ಹಾದು, ಜನವಿಲ್ಲದ ದಂಡೆಗಳಲ್ಲಿ ತಂಗುತ್ತ ಹೋಗುವುದು ಅವರ ಯೋಚನೆ. ದೋಣಿಯಲ್ಲಿ ಇಬ್ಬರಿಗೆ ಜಾಗ. ಆ ಎರಡನೆಯ ಜಾಗ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ತರಗತಿಯಲ್ಲಿ ಭೂಗೋಳ ಪಾಠ ಬಂದರೆ ನನ್ನ ದನಿ ನಡುಗುತ್ತಿತ್ತು. ಆದರೆ ಬಾಯಿಬಿಟ್ಟು ಕೇಳುವ ವಿದ್ಯೆಯನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಒಂದು ಮುಂಜಾನೆ ಕಾಕಾ ತಲೆ ಎತ್ತದೆ, “ನಿನ್ನ ತೂಕ ಎಷ್ಟೈತವಾ?” ಎಂದರು.

“ಯಾಕ ಕಾಕಾ?”

“ಮುಂದಿನ ಹಲಗಿಗೆ ಲೆಕ್ಕ ಬೇಕು.”

ಹೆಣ್ಣುಮಗಳೊಬ್ಬಳನ್ನು ಇದಕ್ಕಿಂತ ಮರ್ಯಾದೆಯಿಂದ ಯಾರೂ ಎಲ್ಲಿಗೂ ಕರೆದಿರಲಾರರು.

ಆದರೆ ಮನೆಯ ಯಜಮಾನಿಕೆ ಅಜ್ಜಿಯದು. “ಮೊದ್ಲ ಸೋರತೈತೋ ಇಲ್ಲೋ ನೋಡೂಣು. ಒಂದ ಹನಿ ಸೋರಿದ್ರೂ ಹುಡುಗಿ ಹೋಗಂಗಿಲ್ಲ,” ಎಂದು ತೀರ್ಪು ಕೊಟ್ಟಳು. ಮರದ ಬಿರುಕುಗಳಿಗೆ ರಾಳ, ಎಣ್ಣೆ ಕಾಸಿ ಮೆತ್ತಿದ ಕಾಕಾ ನಿಶ್ಚಿಂತೆಯಿಂದ ಚಕ್ಕಡಿ ಗೊತ್ತುಮಾಡಲು ಗುರುಗುಂಟಾಕ್ಕೆ ಹೋದರು.

ನಮ್ಮ ಕಡೆ ಕೊಡವಾಗಲಿ ಹರವಿಯಾಗಲಿ, ಸೋರುತ್ತದೆಯೇ ಎಂದು ನೋಡುವ ಕ್ರಮ ಒಂದೇ: ನೀರು ತುಂಬಿಸಿ ನೋಡುವುದು. ಅಜ್ಜಿ ದೋಣಿಗೂ ಅದನ್ನೇ ಮಾಡಿದಳು. ಮನೆಯ ಬಾವಿ ಉಪ್ಪು. ಹೊಸ ಪಾತ್ರೆಗೆ ಮೊದಲು ಉಪ್ಪುನೀರು ಹಾಕಬಾರದೆಂದು ಊರ ಹೊರಗಿನ ಸೀನೀರ ಬಾವಿಗೆ ಓಣಿಯ ಹೆಂಗಸರನ್ನೆಲ್ಲ ಅಟ್ಟಿದಳು. ಕೊಡದ ಹಿಂದೆ ಕೊಡ ಬಂತು. ದೋಣಿಗೆ ವಿಭೂತಿ ಬಿತ್ತು, ಆರತಿಯಾಯಿತು. ಯಾರಿಗೂ ತಪ್ಪೆನಿಸಲಿಲ್ಲ, ಎಂ.ಎ. ಓದಿದ ನನಗೂ ಅನಿಸಲಿಲ್ಲ. ನಾನು ನೆಲಕ್ಕೆ ಕೂತು ದೋಣಿಯ ಅಡಿಯಲ್ಲಿ ಬೆರಳಾಡಿಸುತ್ತಿದ್ದೆ. ನನ್ನ ಕೃಷ್ಣೆ ನಿಂತಿದ್ದು ಆ ಬೆರಳ ತುದಿಯ ಮೇಲೆ. ಬೆರಳು ಒಣಗಿಯೇ ಇತ್ತು. ದೋಣಿ ತುಂಬಿ, ಆಕಾಶ ಅದರೊಳಗೆ ಇಳಿದು ಮಲಗಿದಾಗ ಸಂಗವ್ವನೂ ಬಗ್ಗಿ ನೋಡಿದಳು.

ಕಾಕಾ ಚಕ್ಕಡಿಯೊಡನೆ ಬಂದವರು ಬಾಗಿಲಲ್ಲೇ ನಿಂತರು. “ಯವ್ವಾ, ದೋಣಿ ನೀರಾಗ ಇರಬೇಕು. ನೀ ದೋಣ್ಯಾಗ ನೀರು ತುಂಬೀಯಲ್ಲ!”

“ಒಳಗಿಂದು ಹೊರಗ ಹೋಗಲಿಲ್ಲ ಅಂದ್ರ ಹೊರಗಿಂದು ಒಳಗ ಹ್ಯಾಂಗ ಬರತೈತಿ?”

ಕಾಕಾ ಚಕ್ಕಡಿಯ ಕಡೆ ಕೈ ತೋರಿಸಿದರು. “ಆತು. ಚೆಲ್ರಿ ಇನ್ನ, ಗಾಡಿ ನಿಂತೈತಿ.”

ಯಾರೂ ಅಲುಗಲಿಲ್ಲ. “ಸೀನೀರು ಚೆಲ್ಲತಾರೇನಲೇ?” ಎಂದಳು ಅಜ್ಜಿ. ಮರಳಿ ಕೊಡಗಳಿಗೆ ತುಂಬೋಣವೆಂದರೆ ನೀರಿಗೆ ರಾಳದ ವಾಸನೆ ಹತ್ತಿತ್ತು. ಕೊನೆಗೆ ಉಳಿದದ್ದು ಒಗೆಯುವ ಕೆಲಸ. ಓಣಿಯ ಕೌದಿಗಳೆಲ್ಲ ಹೊರಗೆ ಬಂದವು. ಎಷ್ಟು ಬೇಗ ನೀರು ತೀರುತ್ತದೋ ಅಷ್ಟು ಬೇಗ ಹೊಳೆ ಎಂದುಕೊಂಡು ನಾನೂ ಸೀರೆ ಎತ್ತಿ ಕಟ್ಟಿ, ನಡುಬೀದಿಯಲ್ಲಿ ಕೌದಿ ತುಳಿದೆ. ನನ್ನ ವಿದ್ಯಾರ್ಥಿನಿಯರು ಸಾಲಾಗಿ ನಿಂತು ನೋಡಿದರು. “ಟೀಚರ್, ಆ ಮೂಲಿ ಉಳೀತ್ರೀ,” ಎಂದೊಬ್ಬಳು ತೋರಿಸಿಯೂ ಕೊಟ್ಟಳು. ನೀರನ್ನು ಹೀಗೆ ಜೀವಕ್ಕೆ ಕಟ್ಟಿಕೊಂಡ ಈ ಜನರ ಬಗ್ಗೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಗಾಡಿ ಹೊರಟಾಗ ಹೊತ್ತು ಇಳಿದಿತ್ತು.

ಮರುದಿನ ಕೃಷ್ಣೆಯ ಮೇಲೆ ನಾನು ಮುಂದಿನ ಹಲಗೆಯಲ್ಲಿದ್ದೆ. ಆ ಹೊತ್ತನ್ನು ಸರಿಯಾಗಿ ಬರೆಯಲು ನನಗೆ ಬಾರದು. ಅಂಗಳದಲ್ಲಿ ಕಟ್ಟಿಗೆಯಾಗಿದ್ದದ್ದು ನೀರು ಮುಟ್ಟಿದೊಡನೆ ಉಸಿರೆಳೆದುಕೊಂಡಿತು. ಸದ್ದಿಲ್ಲ. ಎರಡೂ ಕಡೆ ಬಂಡೆಗಳು ನಮ್ಮನ್ನು ನೋಡುತ್ತ ಹಿಂದೆ ಸರಿಯುತ್ತಿದ್ದವು. ಅಷ್ಟು ನೀರನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲೇ ಇಲ್ಲ. ಕೈಮುಗಿಯಬೇಕೆನಿಸಿತು, ಆದರೆ ಎರಡೂ ಕೈ ಅಂಚನ್ನು ಹಿಡಿದಿದ್ದವು.

ಒಂದು ಬಂಡೆಯ ತಿರುವಿನಲ್ಲಿ ಅಲೆಯೊಂದು ಏರಿ ಒಳಗೆ ಬಿತ್ತು. ಕಾಕಾ ತಂಬಿಗೆ ಚಾಚಿದರು. “ಲಗೂನ ನೀರು ಹೊರಗ ಚೆಲ್ಲವಾ!”

ತಂಬಿಗೆ ತುಂಬಿಕೊಂಡೆ. ಅಂಚಿನಾಚೆ ಚಾಚಿದ ಕೈ ಅಲ್ಲೇ ನಿಂತಿತು. ಸುತ್ತ ಇಡೀ ಕೃಷ್ಣೆ ಹರಿಯುತ್ತಿತ್ತು. ತಂಬಿಗೆಯಲ್ಲಿ ತಿಳಿಯಾದ ಸೀನೀರಿತ್ತು.

“ಏನ ನೋಡಾಕತ್ತೀ?”

“ಕಾಕಾ, ಇದನ್ನ ಹಾಕಾಕ ಬ್ಯಾರೆ ಪಾತ್ರಿ ಏನರ ಐತೇನು?”

ಕಾಕಾ ಹುಟ್ಟು ಬಿಟ್ಟು ನಕ್ಕರು. ಬಂಡೆಗಳು ಆ ನಗುವನ್ನು ತಿರುತಿರುಗಿ ನನಗೇ ಕೇಳಿಸಿದವು. ಬೇರೆ ದಾರಿ ಕಾಣದೆ ಆ ತಂಬಿಗೆಯನ್ನು ಕುಡಿದುಬಿಟ್ಟೆ, ರಾಳದ ವಾಸನೆಯಿತ್ತು. ಎರಡನೆಯದನ್ನು ಕಣ್ಣು ಮುಚ್ಚಿಕೊಂಡು ಚೆಲ್ಲಿದೆ.