ಗುಂಡಿಯಮ್ಮ ಹಿಡಿದ ಗುಡ್ಡ

ಎಲ್ಲಕ್ಕೂ ಮೂಲ ಒಂದು ಕುರು.

ಯುದ್ಧಕ್ಕೆ ಹೋದ ಗಂಡ ಹೆಂಡತಿಗೆ ಬರೆದ ಮೊದಲ ಕಾಗದದಲ್ಲೇ ಅದು ಎದ್ದಿತ್ತು. ‘ಕೂರುವ ಜಾಗದಲ್ಲೇ ಕುರು. ನಿಂತುಕೊಂಡೇ ಆಲೂಗಡ್ಡೆ ಸುಲಿಯುತ್ತಿದ್ದೇನೆ. ಬಂದೂಕು ಇನ್ನೂ ಕೈಗೆ ಕೊಟ್ಟಿಲ್ಲ. ಕೊಡದಿದ್ದರೇ ಎಲ್ಲರಿಗೂ ಕ್ಷೇಮ.’

ಇದನ್ನು ಗುಂಡಿಯಮ್ಮ ಒಬ್ಬಳೇ ಓದಿಕೊಂಡಿದ್ದರೆ ಕತೆಯೇ ಇರುತ್ತಿರಲಿಲ್ಲ. ಗುಂಡಿಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಪಕ್ಕದ ದರ್ಜಿಯ ಅಂಗಡಿಗೆ ಅವಳು ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಿದ್ದಳು. ಆದರೆ ಕಾಗದ ಒಡೆದಾಗ ಎದುರಿಗೆ ಅತ್ತೆ ಇದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಕಿವಿಯನ್ನೇ ಕಣ್ಣು ಮಾಡಿಕೊಂಡವರು. ಬಾಗಿಲಲ್ಲಿ ದರ್ಜಿ, ಕಿಟಕಿಯಲ್ಲಿ ನಿವೃತ್ತ ಹೆಡ್‌ಮಾಸ್ಟರು.

“ಓದೇ, ಹೇಗಿದಾನಂತೆ ನನ್ನ ಮಗ?” ಎಂದರು ಅತ್ತೆ.

“ಒಂದು ಸಣ್ಣ... ಗಾಯ ಆಗಿದೆಯಂತೆ.”

“ಅಯ್ಯೋ! ಎಲ್ಲಿ?”

ಎಲ್ಲಿ ಎಂದು ಇಷ್ಟು ಜನರ ಮುಂದೆ ಹೇಳುವುದು ಹೇಗೆ? “ಭುಜದಲ್ಲಿ,” ಎಂದಳು.

“ಗುಂಡು ತಗುಲಿತೋ?” ಕಿಟಕಿ ಕೇಳಿತು.

“ಗಾಯಗೊಂಡ ಅಧಿಕಾರೀನ ಹೊತ್ಕೊಂಡು ಗುಡ್ಡ ಇಳೀತಿದ್ರಂತೆ,” ಎಂದಿತು ಅವಳ ಬಾಯಿ, ಅವಳನ್ನು ಒಂದು ಮಾತೂ ಕೇಳದೆ.

ಮಗ ಹೊರಟ ದಿನ ಹಾಸಿಗೆ ಹಿಡಿದಿದ್ದ ಅತ್ತೆ ಅವತ್ತು ಎದ್ದು ಕೂತು ಊಟ ಕೇಳಿದರು. ಆಮೇಲೆ ಗುಂಡಿಯಮ್ಮನಿಗೆ ಹಿಂದಕ್ಕೆ ಹೋಗುವ ದಾರಿ ಉಳಿಯಲಿಲ್ಲ. ಕಾಗದ ಬಂದಾಗಲೆಲ್ಲ ಬೀದಿಯವರು ತಮ್ಮ ತಮ್ಮ ಸ್ಟೂಲು ಹಿಡಿದುಕೊಂಡೇ ಬರುತ್ತಿದ್ದರು. ಗಂಡ ಸುಲಿದ ಆಲೂಗಡ್ಡೆಗಳೆಲ್ಲ ಶತ್ರುಗಳಾಗಿ ಉರುಳಿದವು. ಕೊನೆಗೆ ಗುಡ್ಡವನ್ನೇ ಅವನೊಬ್ಬನೇ ಹಿಡಿದುಬಿಟ್ಟ. ಎಲ್ಲರೂ ಹೋದ ಮೇಲೆ ಅವಳು ನಿಜವಾದ ಸಾಲುಗಳನ್ನು ಮತ್ತೊಮ್ಮೆ ಓದಿ, ಆಲೂಗಡ್ಡೆ ಮುಗಿಯದಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದಳು. ಅದು ಇರುವವರೆಗೆ ಅವನು ಒಲೆಯ ಹಿಂದೆ ಇರುತ್ತಾನಲ್ಲ.

ಈಗ ಯುದ್ಧ ಮುಗಿದಿತ್ತು. ಇವತ್ತು ಮಧ್ಯಾಹ್ನದ ರೈಲಿಗೆ ಗಂಡ ಬರುವವನಿದ್ದ. ಗುಡ್ಡದ ಸುದ್ದಿ ಅವನಿಗೇ ಗೊತ್ತಿರಲಿಲ್ಲ. ಸುಳ್ಳು ಹೇಳಲು ಬಾರದ ಮನುಷ್ಯ, ಮೊದಲು ಕೇಳಿದವರಿಗೇ “ಯಾವ ಗುಡ್ಡ?” ಎನ್ನುತ್ತಾನೆ. ಅತ್ತೆ ಅಲ್ಲೇ ಕುಸಿಯುತ್ತಾರೆ. ಬೀದಿಗಿಂತ ಮೊದಲು ಅವನು ತನ್ನ ಕೈಗೆ ಸಿಗಬೇಕು.

ಊಟಕ್ಕೆ ಮುಂಚೆಯೇ ಚಪ್ಪಲಿ ಮೆಟ್ಟಿಕೊಂಡಳು.

“ಎಲ್ಲಿಗಮ್ಮಾ?” ಅಂಗಡಿಯಿಂದ ದರ್ಜಿಯ ದನಿ.

“ದಾರ ತರೋಕೆ.”

“ದಾರಾನಾ? ನನ್ನಂಗಡೀಲಿ ಇನ್ನೇನು ಹಗ್ಗ ಮಾರ್ತೀನಾ? ಯಾವ ಬಣ್ಣ ಹೇಳು.”

ಬೇಡದ ನೀಲಿ ದಾರದೊಂದಿಗೆ ಮನೆಗೆ ಮರಳಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಒಣಹಾಕಿದ ಬಟ್ಟೆಗಳ ಅಡಿಯಲ್ಲಿ ಬಗ್ಗಿ ಬಗ್ಗಿ ಓಣಿ ದಾಟುವಷ್ಟರಲ್ಲಿ ಒಂದು ಹೊದಿಕೆಯ ಹಿಂದಿನಿಂದ ಹೆಡ್‌ಮಾಸ್ಟರು ಪ್ರತ್ಯಕ್ಷರಾದರು. ಕೈಯಲ್ಲಿ ಸ್ವಾಗತ ಭಾಷಣ.

“ಒಳ್ಳೇ ಸಮಯಕ್ಕೆ ಸಿಕ್ಕಿದೆ. ಆ ಅಧಿಕಾರೀನ ಹೊತ್ತಿದ್ದು ಯಾವ ಭುಜದ ಮೇಲೆ?”

“ಬಲ.”

“ಗಾಯ ಎಡಕ್ಕೆ ಅಂದಿದ್ದೆ.”

“ಅದಕ್ಕೇ ಬಲಕ್ಕೆ ಹಾಕ್ಕೊಂಡ್ರು, ಮೇಷ್ಟ್ರೇ.”

“ಭೇಷ್! ಬಾ, ನಡೀತಾ ಮಾತಾಡೋಣ. ಶತ್ರುಗಳು ಎಷ್ಟು ಜನ? ನೂರು ಅಂತ ಬರ್ಕೊಂಡಿದೀನಿ.”

“ಅಷ್ಟೊಂದು ಬೇಡ.”

“ವಿನಯ ಬೇಡಮ್ಮ. ಭಾಷಣಕ್ಕೆ ನೂರೇ ಇರಲಿ.”

ಮೂಲೆ ತಿರುಗಿದರೆ ಹಾರ ಹಿಡಿದ ದರ್ಜಿ, ಅವನ ತೋಳು ಹಿಡಿದ ಅತ್ತೆ, ಅವರ ಹಿಂದೆ ಇಡೀ ಬೀದಿ. “ನಮ್ಮನ್ನ ಬಿಟ್ಟು ಹೊರಟಿದ್ಯಾ? ಕಳ್ಳಿ!” ಎಂದು ಅತ್ತೆ ನಕ್ಕರು. ಗುಂಡಿಯಮ್ಮ ಪೊಲೀಸರ ನಡುವೆ ಸಿಕ್ಕವಳಂತೆ ನಿಲ್ದಾಣ ತಲುಪಿದಳು.

ರೈಲು ಬಂತು. ಗಂಡ ಇಳಿದ. ಹೋಗುವಾಗ ಕೊಡೆಯ ಕಡ್ಡಿಯಂತಿದ್ದವನು ಬರುವಾಗ ದಿಂಬಿನಂತಿದ್ದ. ಎರಡು ಕೈ, ಎರಡು ಕಾಲು, ಅದೇ ಪೆಚ್ಚು ನಗೆ. ಗುಂಡಿಯಮ್ಮನ ಕಣ್ಣು ಮಂಜಾಯಿತು. ಒಂದು ಕ್ಷಣ ಗುಡ್ಡವೇ ಮರೆತುಹೋಯಿತು.

“ಹೆಬ್ಬೆರಳಿಗೆ ಬ್ಯಾಂಡೇಜು!” ದರ್ಜಿ ಕೂಗಿದ. “ಇನ್ನೊಂದು ಗಾಯ!”

“ಅಯ್ಯೋ, ಇದಾ? ಇದು ಆಲೂ...”

“ಆಲಿಸೋಣ, ಆಮೇಲೆ ಆಲಿಸೋಣ!” ಎಂದು ಗುಂಡಿಯಮ್ಮ ಅವನ ತೋಳು ಹಿಡಿದು ದರದರ ಎಳೆದಳು. “ಮೊದಲು ಮುಖ ತೊಳ್ಕೊಳ್ಳಿ.”

ನೀರಿನ ನಲ್ಲಿಯ ಹಿಂದೆ ನಿಂತು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದಳು: ಕುರು, ಭುಜ, ಅಧಿಕಾರಿ, ಗುಡ್ಡ. “ಅತ್ತೆ ಎದ್ದು ಕೂತಿದ್ದೇ ಅದರಿಂದ. ಏನು ಕೇಳಿದ್ರೂ ಹೂಂ ಅಂದ್ಬಿಡಿ. ನಿಮ್ಮ ದಮ್ಮಯ್ಯ.”

ಗಂಡ ಬೈಯಲಿಲ್ಲ. ಅವನ ಮುಖ ಮಾತ್ರ ಬಿಳಿಚಿಕೊಂಡಿತು.

“ಪುಕ್ಕಲೀ, ನೀನು ಅಡಿಗೆಮನೆಗೆ ಬೆಕ್ಕು ನುಗ್ಗಿತು, ಹೆದರಿ ಮಂಚ ಹತ್ತಿದೆ ಅಂತ ಬರೆದಿದ್ಯಲ್ಲ?”

“ಹೌದು. ಏನೀಗ?”

“ಆ ಕಾಗದ ಸಿಕ್ಕಿದ ರಾತ್ರಿ ನಮ್ಮ ಹತ್ತಿರಾನೇ ಬಾಂಬ್ ಬೀಳ್ತಿತ್ತು. ಹುಡುಗರೆಲ್ಲ ನಡುಗ್ತಾ ಕೂತಿದ್ರು. ಮನೆಯಿಂದ ಬಂದಿದ್ದೇನಾದ್ರೂ ಓದೋ ಅಂದ್ರು. ನಿನ್ನ ಕಾಗದ ಓದ್ದೆ. ಬೆಕ್ಕನ್ನ ಕಳ್ಳ ಮಾಡಿದೆ. ಒಬ್ಬ ಕಳ್ಳ ಸಾಲ್ದು ಅನ್ನಿಸ್ತು, ಮೂರು ಮಾಡಿದೆ.”

“ನಾನು ಮಂಚ ಹತ್ತಿದ್ದು?”

“ಮಂಚದ ಮೇಲಿಂದ ಅವರ ಮೇಲೆ ಹಾರಿದೆ.”

ಗುಂಡಿಯಮ್ಮ ನಲ್ಲಿಯನ್ನು ಹಿಡಿದುಕೊಂಡಳು. ಅಷ್ಟರಲ್ಲಿ ರೈಲಿನಿಂದ ಬೀರುವಿನಂಥ ಅಧಿಕಾರಿಯೊಬ್ಬರು ಇಳಿದು ಬಂದು ಅವಳ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

“ತಾಯೀ, ರೈಲು ನೀರು ತುಂಬಿಸ್ಕೊಳ್ಳೋಷ್ಟರಲ್ಲಿ ನಿಮ್ಮನ್ನ ನೋಡಲೇಬೇಕು ಅಂತ ಇಳಿದೆ. ಆ ರಾತ್ರಿ ನಮ್ಮ ಹುಡುಗರು ನಕ್ಕರೂಂದ್ರೆ ಅದು ನಿಮ್ಮಿಂದ.”

ಹೆಡ್‌ಮಾಸ್ಟರು ನುಗ್ಗಿ ಬಂದರು. “ಸಾರ್! ಇವನು ಗುಡ್ಡ ಹಿಡಿದಾಗ ಎದುರಿಗಿದ್ದವರು ನೂರು ತಾನೆ?”

“ಗುಡ್ಡವಾ?” ಅಧಿಕಾರಿ ಹುಬ್ಬೇರಿಸಿದರು. “ಇವನು ಹಿಡಿದದ್ದು...”

ರೈಲು ಕೂಗಿತು. ಗುಂಡಿಯಮ್ಮ ಜನ್ಮದಲ್ಲಿ ಅಷ್ಟು ಇಂಪಾದ ದನಿ ಕೇಳಿರಲಿಲ್ಲ. ಅಧಿಕಾರಿ ಓಡಿ ಹತ್ತಿಕೊಂಡರು. ಗಂಡನೂ ಹೆಂಡತಿಯೂ ಒಟ್ಟಿಗೆ ಉಸಿರು ಬಿಟ್ಟರು.

ಆದರೆ ಬಾಗಿಲಲ್ಲಿ ನಿಂತ ಅಧಿಕಾರಿ ಇಡೀ ಪ್ಲಾಟ್‌ಫಾರಂ ಕೇಳುವಂತೆ ಕೂಗಿದರು: “ಮೂರು ಕಳ್ಳರನ್ನ ಒಬ್ಬಳೇ ಕಟ್ಟಿಹಾಕಿದ ತಾಯಿಗೆ ಜೈ!”

ರೈಲು ಹೋಯಿತು. ಬೀದಿಗೆ ಬೀದಿಯೇ ಗುಂಡಿಯಮ್ಮನ ಕಡೆ ತಿರುಗಿತು.

“ಯಾವ ಕಳ್ಳರಮ್ಮಾ?” ಎಂದ ದರ್ಜಿ.

ಅತ್ತೆ ನಿಧಾನವಾಗಿ ತಲೆಯಾಡಿಸಿದರು. “ಹೌದು. ಒಂದು ರಾತ್ರಿ ಅಡಿಗೆಮನೇಲಿ ದಡಬಡ ಸದ್ದಾಗಿತ್ತು. ನಾನು ಬೆಕ್ಕು ಅಂದ್ಕೊಂಡು ಮಲಗಿಬಿಟ್ಟೆ. ಒಂದು ಮಾತು ಹೇಳ್ಬಾರ್ದೇನೇ?”

ಬೀದಿ ಗಂಡನನ್ನು ಬಿಟ್ಟು ಹೆಂಡತಿಗೆ ಹಾರ ಹಾಕಿತು. ಸೈನ್ಯದ ಅಧಿಕಾರಿಯೇ ಹೇಳಿದ ಮೇಲೆ ಸಾಕ್ಷಿ ಕೇಳುವವರು ಯಾರು? ಹೆಡ್‌ಮಾಸ್ಟರು ಭಾಷಣವನ್ನು ಮಡಿಸಿ ಜೇಬಿಗೆ ಹಾಕಿ, ಅದೇ ಜೇಬಿನಿಂದ ತಮ್ಮ ಶಾಲೆಯ ಕಾಲದ ಸೀಟಿ ತೆಗೆದರು.

“ಗಸ್ತಿನವನು ಕೆಲಸ ಬಿಟ್ಟು ಹೋದಾಗಿನಿಂದ ನಮ್ಮ ಬೀದಿಗೆ ರಾತ್ರಿ ನಿದ್ದೆ ಇಲ್ಲ. ಹೊಸಬ ಸಿಗೋವರೆಗೆ ಇವತ್ತಿನಿಂದ ನೀವಿಬ್ಬರೇ ನಮ್ಮ ಕಾವಲು. ಒಬ್ಬ ಗುಡ್ಡ ಹಿಡಿದವನು, ಒಬ್ಬಳು ಕಳ್ಳರನ್ನ ಹಿಡಿದವಳು. ಇನ್ನೇನು ಬೇಕು?”

ಬೇಡ ಎನ್ನಲು ಇಬ್ಬರೂ ಬಾಯಿ ತೆರೆದರು. ಕಾರಣ ಹೇಳಲಾಗದೆ ಇಬ್ಬರೂ ಮುಚ್ಚಿದರು. ಸೀಟಿ ಗಂಡನ ಕೊರಳಿಗೆ ಬಿತ್ತು.

ಮೆರವಣಿಗೆ ಅತ್ತೆಯನ್ನು ಮುಂದಿಟ್ಟುಕೊಂಡು ಸಾಗಿತು. ಗಂಡಹೆಂಡಿರು ಹಿಂದುಳಿದರು. ಗುಂಡಿಯಮ್ಮ ಅವನ ಕೈ ಹಿಡಿದುಕೊಂಡಳು: ಬೆಚ್ಚಗಿತ್ತು, ಇಡಿಯಾಗಿತ್ತು, ಅವನದೇ ಕೈ.

“ರಾತ್ರಿ ಮುಂದೆ ನಡೆಯೋದು ಯಾರು?” ಅವನು ಪಿಸುಗುಟ್ಟಿದ.

“ನೀವೇ. ಗುಡ್ಡ ಹಿಡಿದವರು.”

“ಉಹೂಂ. ಮೂರು ಜನಾನ ಕಟ್ಟಿದವಳು ನೀನು.”

ಮನೆ ತಲುಪುವವರೆಗೂ ಆ ತಕರಾರು ತೀರಲಿಲ್ಲ. ತೀರಲೆಂಬ ಅವಸರವೂ ಅವಳಿಗಿರಲಿಲ್ಲ.